ಹ್ಯಾಂಗ್ ಆದದ್ದು ಯಾರಿಂದ?

ಮನೆಯ ಕಂಪ್ಯೂಟರ್ ಆಗಾಗ ಹ್ಯಾಂಗ್ ಆದರೆ ಮೊದಲು ಬೈಗುಳ ತಿನ್ನುವವರು ಮಕ್ಕಳು. ‘ಗೇಮ್ ಹಾಕಿ ಹಾಳು ಮಾಡಿದೆ’ ಎಂದು ತೀರ್ಪೂ ಆಗಿಬಿಡುತ್ತದೆ. ಗೇಮ್ ಕಾರಣವಾಗಿರಲೂಬಹುದು. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡಲ ಗಾಳಿಯಲ್ಲಿ ಉಪ್ಪಿದೆ, ಮಳೆಗಾಲದಲ್ಲಿ ತೇವವಿದೆ. ರ‍್ಯಾಮ್‌ನ ತುದಿಗಳು ಮಂಕಾಗಲು ಅಷ್ಟು ಸಾಕು. ಫ್ಯಾನಿಗೆ ಧೂಳು ಕಟ್ಟಿದರೆ ಪ್ರೊಸೆಸರ್ ಕಾಯುತ್ತದೆ. ವೋಲ್ಟೇಜಿನ ಏರಿಳಿತ ಬೇರೆ.

ಬಿಟ್ಟುಬಿಟ್ಟು ಬರುವ ದೋಷ ರಿಪೇರಿಯವರ ಮುಂದೆ ಮಾತ್ರ ಅಡಗಿ ಕೂರುತ್ತದೆ! ಬಲ್ಲವರು ಒಂದು ಸಲಕ್ಕೆ ಒಂದನ್ನೇ ಬದಲಿಸಿ, ದಿನಗಟ್ಟಲೆ ಕಾದು ನೋಡುತ್ತಾರೆ. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಯಂತ್ರ ಸರಿಯಾದೀತು, ತಪ್ಪು ಯಾವುದರದ್ದೆಂದು ತಿಳಿಯದು. ನಿರ್ಜೀವ ಯಂತ್ರಕ್ಕೆ ಸಿಗುವ ಈ ವಿಚಾರಣೆ ನಮ್ಮ ಮಕ್ಕಳಿಗೇಕೆ ಸಿಗುವುದಿಲ್ಲ? ರ‍್ಯಾಮ್ ತೆಗೆದು, ರಬ್ಬರಿನಿಂದ ಉಜ್ಜಿ ಹಾಕಿದೊಡನೆ ಕಂಪ್ಯೂಟರ್ ಓಡಿದ್ದನ್ನು ನಾವು ಕಂಡಿದ್ದೇವೆ. ಹುಡುಗನನ್ನು ಕರೆದು ‘ನಿನ್ನ ತಪ್ಪಲ್ಲ ಮಗಾ’ ಎಂದವರನ್ನು ಕಂಡದ್ದು ಕಡಿಮೆ.