ನೂರರಲ್ಲಿ ಆ ಇಬ್ಬರು

ಹೃದಯಾಘಾತವಾಗಿ ಉಳಿದುಕೊಂಡವರು, ಎದೆನೋವು ಇಳಿದು ಮಾತು ಮರಳಿದ ಮೇಲೆ, ಹೆಚ್ಚುಕಡಿಮೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ನನಗೇ ಯಾಕೆ ಹೀಗಾಯಿತು?’ ಬೀಡಿ ಸಿಗರೇಟು ಮುಟ್ಟದವರು ಇದನ್ನು ಕೇಳುವುದು ಸಹಜ. ದಿನಕ್ಕೊಂದು ಕಟ್ಟು ಬೀಡಿ ಸೇದಿದವರೂ ಕೇಳುತ್ತಾರೆ. ಜೊತೆಯಲ್ಲಿ ಕೂತು ಸೇದಿದ ಗೆಳೆಯ ಎಂಬತ್ತು ದಾಟಿದರೂ ದಿನಾ ತೋಟಕ್ಕೆ ಹೋಗಿಬರುವುದು ಅವರ ಕಣ್ಣೆದುರಿಗೇ ಇರುತ್ತದೆ. ನಮ್ಮ ಹಿರಿಯರು ಇದಕ್ಕೆ ಹಣೆಬರಹ ಎಂದರು, ಪ್ರಾರಬ್ಧ ಎಂದರು. ಈಗ ಆ ಜಾಗಕ್ಕೆ ಲ್ಯಾಬ್ ರಿಪೋರ್ಟ್ ಬಂದಿದೆ. ಬಿಪಿ ಇಷ್ಟಿತ್ತು, ಶುಗರ್ ಇಷ್ಟಿತ್ತು, ಕೊಲೆಸ್ಟ್ರಾಲ್ ಇಷ್ಟಿತ್ತು, ಅದಕ್ಕೇ ಹೀಗಾಯಿತು ಎನ್ನುತ್ತೇವೆ. ಈ ಹೊಸ ಮಾತು ನಿಜಕ್ಕೂ ಆ ಹಳೆಯ ಪ್ರಶ್ನೆಗೆ ಉತ್ತರವೇ ಎಂದು ನಿಂತು ಯೋಚಿಸಿದ್ದು ಕಡಿಮೆ.

ಹೊಸ ಮಾತು ರೂಪುಗೊಂಡದ್ದು ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ. 1945ರ ಏಪ್ರಿಲ್ 12ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮೊದಲೇ ಅವರ ರಕ್ತದೊತ್ತಡ 186/108 ಇತ್ತು. ವಯಸ್ಸಾದ ಹಾಗೆ ಒತ್ತಡ ಏರುವುದು ದೇಹದ ಸಹಜ ಕ್ರಮ ಎಂದೇ ಅಂದಿನ ಬಹಳಷ್ಟು ವೈದ್ಯರು ತಿಳಿದಿದ್ದರು. ದೇಶದ ಅತಿ ದೊಡ್ಡ ಮನುಷ್ಯನ ಸುತ್ತ ನಿಂತ ವೈದ್ಯರಿಗೂ ಕಾಯಿಲೆ ಎಲ್ಲಿಂದ ಬರುತ್ತದೆಂಬ ಅರಿವಿರಲಿಲ್ಲ. ಅದನ್ನು ತಿಳಿಯಲೆಂದು 1948ರಲ್ಲಿ ಫ್ರೇಮಿಂಗ್‌ಹ್ಯಾಮಿನ 5,209 ಗಂಡಸರು, ಹೆಂಗಸರು ತಮ್ಮನ್ನು ಪರೀಕ್ಷೆಗೆ ಒಪ್ಪಿಸಿಕೊಂಡರು. ಎರಡು ವರ್ಷಕ್ಕೊಮ್ಮೆ ಬಂದು ರಕ್ತ ಕೊಟ್ಟರು, ಒತ್ತಡ ಅಳೆಸಿಕೊಂಡರು, ಏನು ತಿನ್ನುತ್ತೇವೆ, ಎಷ್ಟು ಸೇದುತ್ತೇವೆ ಎಂದು ಹೇಳಿದರು. ಅವರಿಗೆ ಹೊಸ ಔಷಧಿಯನ್ನೇನೂ ಕೊಡುವುದಿರಲಿಲ್ಲ. ಯಾರಿಗೆ ಕಾಯಿಲೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಕಾದು ನೋಡುವುದಷ್ಟೇ ಆ ಅಧ್ಯಯನದ ಕೆಲಸ. 1971ರಲ್ಲಿ ಅವರ ಮಕ್ಕಳು ಸೇರಿದರು, 2002ರಲ್ಲಿ ಮೊಮ್ಮಕ್ಕಳು.

1961ರಲ್ಲಿ ವಿಲಿಯಂ ಕ್ಯಾನೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನ, ಏರಿದ ಬಿಪಿ ಮತ್ತು ಕೊಲೆಸ್ಟ್ರಾಲ್ ಹೃದಯದ ಕಾಯಿಲೆಯ ಮುನ್ಸೂಚನೆ ಎಂದು ತೋರಿಸಿತು. ಅಪಾಯಕಾರಿ ಅಂಶ ಎಂದು ಇಂದು ಪ್ರತಿ ಆರೋಗ್ಯ ಶಿಬಿರದಲ್ಲೂ ಕೇಳುವ ಮಾತು ವೈದ್ಯಲೋಕದಲ್ಲಿ ನೆಲೆಯೂರಿದ್ದು ಅಲ್ಲಿಂದ. ಮನುಷ್ಯನ ದುಃಖದ ಇತಿಹಾಸದಲ್ಲೇ ಇದೊಂದು ದೊಡ್ಡ ತಿರುವು ಎಂದು ನನಗನಿಸುತ್ತದೆ. ವಿಧಿಯ ಹೊಡೆತ ಎಂದುಕೊಂಡದ್ದಕ್ಕೆ ಮೊದಲೇ ಗುರುತುಗಳಿವೆ, ಆ ಗುರುತುಗಳನ್ನು ಅಳೆಯಬಹುದು, ಅಳೆದದ್ದನ್ನು ಇಳಿಸಬಹುದು ಎಂದಾಯಿತು. ಆದರೆ ಆ ಐದು ಸಾವಿರ ಜನರ ಲೆಕ್ಕ ಹೇಳಿದ್ದು ಗುಂಪಿನ ವಿಚಾರ. ಬಿಪಿ ಏರಿದ ನೂರು ಜನರಲ್ಲಿ ಕಾಯಿಲೆ ಬೀಳುವವರು, ಏರದ ನೂರು ಜನರಲ್ಲಿ ಬೀಳುವವರಿಗಿಂತ ಹೆಚ್ಚು. ಆ ನೂರರಲ್ಲಿ ಬೀಳುವವರು ಯಾರು ಎಂಬುದನ್ನು ಅಂದೂ ಅದು ಹೇಳಲಿಲ್ಲ, ಇಂದೂ ಹೇಳುವುದಿಲ್ಲ.

ಇದೇ ಮಾತನ್ನು ಚಿಕಿತ್ಸೆಯ ಕಡೆಯಿಂದ ನೋಡಿದರೆ ಇನ್ನೂ ಆಳವಾದ ಸಂಗತಿ ಎದುರಾಗುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ವೈದ್ಯಕೀಯ ಓದಿ ಕೆನಡಾದಲ್ಲಿ ನೆಲೆಸಿದ ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ, ಸೇಂಟ್ ಜಾನ್ಸ್‌ನ ಪ್ರೇಮ್ ಪಯಸ್ ಮುಂತಾದವರು ಜೊತೆಗೂಡಿ ನಡೆಸಿದ ಟಿಪ್ಸ್-3 ಎಂಬ ಪ್ರಯೋಗದ ಫಲಿತಾಂಶ 2020ರಲ್ಲಿ ಹೊರಬಂತು. ಹೃದಯದ ಕಾಯಿಲೆ ಇನ್ನೂ ಕಾಣಿಸಿಕೊಳ್ಳದ, ಆದರೆ ಅಪಾಯ ಹೆಚ್ಚಿದ್ದ 5,713 ಜನ ಅದರಲ್ಲಿದ್ದರು. ಸುಮಾರು ಅರ್ಧದಷ್ಟು ಮಂದಿ ಭಾರತದವರು. ಬಿಪಿ ಇಳಿಸುವ ಮೂರು ಔಷಧಿ, ಕೊಲೆಸ್ಟ್ರಾಲ್ ಇಳಿಸುವ ಒಂದು ಔಷಧಿ ಸೇರಿಸಿ ಮಾಡಿದ ಒಂದೇ ಮಾತ್ರೆಯನ್ನು, ಆಸ್ಪಿರಿನ್ ಜೊತೆಗೆ, ಒಂದು ಗುಂಪು ತೆಗೆದುಕೊಂಡಿತು. ಇನ್ನೊಂದು ಗುಂಪಿಗೆ ಔಷಧಿಯ ಅಂಶವಿಲ್ಲದ ಹುಸಿ ಮಾತ್ರೆ. ಸರಾಸರಿ ನಾಲ್ಕೂವರೆ ವರ್ಷದ ಹೊತ್ತಿಗೆ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾಯಿಲೆಯ ಸಾವು ಮುಂತಾದ ಆಪತ್ತು ಹುಸಿ ಮಾತ್ರೆಯವರಲ್ಲಿ ಶೇ 5.8, ಔಷಧಿ ತೆಗೆದುಕೊಂಡವರಲ್ಲಿ ಶೇ 4.1. ಆಪತ್ತು ಶೇ 31ರಷ್ಟು ಇಳಿಯಿತು ಎಂದು ಇದನ್ನು ಹೇಳಬಹುದು, ಆ ಮಾತು ನಿಜ. ನೂರು ಜನರಲ್ಲಿ ಸುಮಾರು ಇಬ್ಬರು ಪಾರಾದರು ಎಂದೂ ಹೇಳಬಹುದು, ಅದೂ ಅಷ್ಟೇ ನಿಜ.

ಆ ನೂರು ಜನರನ್ನು ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿಕೊಳ್ಳಿ. ಎಲ್ಲರೂ ದಿನಾ ಬೆಳಿಗ್ಗೆ ಮಾತ್ರೆ ನುಂಗುತ್ತಿದ್ದಾರೆ. ತೊಂಬತ್ತನಾಲ್ಕು ಜನ ಮಾತ್ರೆ ನುಂಗದಿದ್ದರೂ ಆ ಅವಧಿಯಲ್ಲಿ ಚೆನ್ನಾಗಿಯೇ ಇರುತ್ತಿದ್ದರು. ನಾಲ್ವರು ಮಾತ್ರೆ ನುಂಗಿಯೂ ಕಾಯಿಲೆ ಬಿದ್ದರು. ಉಳಿದ ಇಬ್ಬರು ಮಾತ್ರೆಯಿಂದಲೇ ಬದುಕಿನ ದಾರಿಯಲ್ಲಿ ಉಳಿದರು. ಆ ಇಬ್ಬರು ಯಾರು? ವೈದ್ಯರಿಗೆ ಗೊತ್ತಿಲ್ಲ, ಸಂಶೋಧಕರಿಗೆ ಗೊತ್ತಿಲ್ಲ, ಆ ಇಬ್ಬರಿಗೂ ಗೊತ್ತಿಲ್ಲ. ಬರಬೇಕಿದ್ದ ಹೃದಯಾಘಾತ ಬರಲಿಲ್ಲವೆಂದು ತಿಳಿಯುವ ದಾರಿಯೇ ಮನುಷ್ಯನಿಗಿಲ್ಲ. ನಿನ್ನೆಯ ಹಾಗೆ ಇಂದೂ ಎದ್ದು ಹಾಲು ತರಲು ಹೋಗುತ್ತಾರೆ, ಮಗಳಿಗೆ ಫೋನ್ ಮಾಡುತ್ತಾರೆ, ಆ ದಿನ ತಮಗೆ ಹೊಸದಾಗಿ ಸಿಕ್ಕದ್ದೆಂಬ ಸುಳಿವೂ ಅವರಿಗಿರುವುದಿಲ್ಲ. ನಮ್ಮಲ್ಲಿ ಎಷ್ಟೋ ಜನ ಈಗಾಗಲೇ ಹೀಗೆ ಉಳಿದವರಿರಬಹುದು. ಲಸಿಕೆಯಿಂದ, ಶುದ್ಧ ನೀರಿನಿಂದ, ಯಾರೋ ಬರೆದುಕೊಟ್ಟ ಚೀಟಿಯಿಂದ ಉಳಿದಿರಬಹುದು. ನಾನು ಅವರಲ್ಲೊಬ್ಬ ಅಲ್ಲ ಎಂದು ಖಚಿತವಾಗಿ ಹೇಳಲು ಯಾರಿಗೂ ಆಗುವುದಿಲ್ಲ. ಹಾಗಿರುವಾಗ ಆರೋಗ್ಯವನ್ನು ತನ್ನ ಶಿಸ್ತಿನ ಸಂಪಾದನೆ ಎಂದು ಎದೆ ತಟ್ಟಿಕೊಳ್ಳುವುದಕ್ಕೆ ಆಧಾರವೆಲ್ಲಿದೆ?

ಹಾಗಾದರೆ ಒಬ್ಬೊಬ್ಬ ರೋಗಿಯನ್ನು ಹತ್ತಿರದಿಂದ ಕಂಡ ಅನುಭವವೇ ಮೇಲು, ಗುಂಪಿನ ಲೆಕ್ಕ ಬೇಡ ಎನ್ನಬಹುದೇ? ಅದೂ ಆಗದು. ಹೃದಯಾಘಾತವಾದ ಕೆಲವರಲ್ಲಿ ಎದೆಬಡಿತ ನಡುನಡುವೆ ತಾಳ ತಪ್ಪುತ್ತದೆ, ಅಂಥವರಲ್ಲಿ ಸಾವು ಹೆಚ್ಚು. ತಾಳ ಸರಿಪಡಿಸಿದರೆ ಜೀವ ಉಳಿಯುತ್ತದೆ ಎಂಬ ತರ್ಕ ಯಾರಿಗೂ ಒಪ್ಪಿಗೆಯಾಗುವಂಥದ್ದೇ. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಿಗಳು ತಾಳವನ್ನು ಸರಿಪಡಿಸುತ್ತಲೂ ಇದ್ದವು. ಅಮೆರಿಕದಲ್ಲಿ ಕಾಸ್ಟ್ ಎಂಬ ಪ್ರಯೋಗ ಇದನ್ನು ಒರೆಗೆ ಹಚ್ಚಿತು. ಈ ಔಷಧಿ ಪಡೆದ 755 ಜನರಲ್ಲಿ 63 ಮಂದಿ ತೀರಿಕೊಂಡಿದ್ದರು; ಹುಸಿ ಮಾತ್ರೆ ಪಡೆದ 743 ಜನರಲ್ಲಿ 26 ಮಂದಿ. 1989ರಲ್ಲಿ ಆ ಔಷಧಿಗಳ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹಾಸಿಗೆಯ ಪಕ್ಕ ನಿಂತ ವೈದ್ಯರ ಕಣ್ಣಿಗೆ ಕಂಡಿದ್ದು ಸುಧಾರಿಸಿದ ಇಸಿಜಿ. ರೋಗಿ ತೀರಿಕೊಂಡರೆ ಮೊದಲೇ ದುರ್ಬಲವಾಗಿದ್ದ ಹೃದಯ ಎಂದುಕೊಳ್ಳುವುದು ಸಹಜ. ಗುಂಪನ್ನು ಗುಂಪಿನ ಎದುರು ಇಟ್ಟು ಎಣಿಸದೆ ಹೋಗಿದ್ದರೆ ಈ ಸತ್ಯ ಹೊರಬೀಳುತ್ತಲೇ ಇರಲಿಲ್ಲ. ಎಣಿಕೆಗೆ ಕಾಣುವುದು ಒಡನಾಟಕ್ಕೆ ಕಾಣುವುದಿಲ್ಲ; ಒಡನಾಟಕ್ಕೆ ಕಾಣುವ ಮನುಷ್ಯ ಎಣಿಕೆಯಲ್ಲಿ ಸಿಗುವುದಿಲ್ಲ. ಎರಡೂ ಬೇಕು. ಒಂದರ ಮಾತನ್ನು ಇನ್ನೊಂದರ ಬಾಯಲ್ಲಿ ಆಡಿಸಿದಾಗ ನಾವು ದಾರಿ ತಪ್ಪುತ್ತೇವೆ.

ಹಾಗೆ ಆಡಿಸುವುದಕ್ಕೆ ನಮಗೆ ಆತುರವಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಕರ್ನಾಟಕಕ್ಕೆ ಕರ್ನಾಟಕವೇ ತನ್ನ ಮನೆಯ ಹುಡುಗನನ್ನು ಕಳೆದುಕೊಂಡಂತೆ ಅತ್ತಿತು. ಮರುದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಎದೆ ತೋರಿಸಿಕೊಳ್ಳಲು ಜನ ಸಾಲುಗಟ್ಟಿದರು. ಜೊತೆಗೇ ಕಾರಣದ ಹುಡುಕಾಟ ಶುರುವಾಯಿತು. ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮೊಬೈಲಿನಲ್ಲಿ, ಅದು ಮಾಡಬಾರದಿತ್ತು, ಇದು ಮಾಡಬೇಕಿತ್ತು ಎಂಬ ಮಾತು. ಆ ಹುಡುಕಾಟದ ತಳದಲ್ಲಿ ಇದ್ದದ್ದು ಕೆಟ್ಟ ಮನಸ್ಸಲ್ಲ, ಭಯ. ಹೋದವರಲ್ಲಿ ಒಂದು ತಪ್ಪು ಸಿಕ್ಕಿಬಿಟ್ಟರೆ, ಆ ತಪ್ಪು ಮಾಡದ ನಾನು ಕ್ಷೇಮ ಎಂಬ ಸಮಾಧಾನ ಸಿಗುತ್ತದೆ. ಹಿಂದೆ ಕರ್ಮದ ಹೆಸರಿನಲ್ಲಿ ಇದೇ ಸಮಾಧಾನವನ್ನು ಪಡೆದವರು ಇಂದು ಜೀವನಶೈಲಿಯ ಹೆಸರಿನಲ್ಲಿ ಪಡೆಯುತ್ತಿದ್ದೇವೆ. ಬೆಲೆ ತೆರುವವರು ಮಾತ್ರ ಅಂದೂ ಇಂದೂ ಒಬ್ಬರೇ: ಹಾಸಿಗೆ ಹಿಡಿದವರು ಮತ್ತು ಅವರ ಮನೆಯವರು. ಕಾಯಿಲೆಯ ನೋವಿನ ಜೊತೆಗೆ ತಪ್ಪಿತಸ್ಥರೆಂಬ ಭಾರವನ್ನೂ ಅವರೇ ಹೊರಬೇಕು. ಊಟಕ್ಕೆ ಬಡಿಸಿದ ಹೆಂಡತಿ, ಡ್ಯೂಟಿಗೆ ಕಳಿಸಿದ ತಾಯಿ, ಎಲ್ಲರೂ ಒಳಗೊಳಗೇ ತಮ್ಮನ್ನು ವಿಚಾರಣೆಗೆ ನಿಲ್ಲಿಸಿಕೊಳ್ಳುತ್ತಾರೆ.

ಲಂಡನ್ನಿನ ಸಾಂಕ್ರಾಮಿಕಶಾಸ್ತ್ರಜ್ಞ ಜೆಫ್ರಿ ರೋಸ್ 1985ರಲ್ಲಿ ಬರೆದ ಒಂದು ಲೇಖನ ಈ ಗಂಟನ್ನು ಬಿಡಿಸುತ್ತದೆ. ಈ ಮನುಷ್ಯನಿಗೆ ಯಾಕೆ ಕಾಯಿಲೆ ಬಂತು ಎಂಬುದು ಒಂದು ಪ್ರಶ್ನೆ, ಈ ಸಮುದಾಯದಲ್ಲಿ ಯಾಕೆ ಇಷ್ಟೊಂದು ಕಾಯಿಲೆ ಎಂಬುದು ಬೇರೆಯದೇ ಪ್ರಶ್ನೆ ಎಂದರು ಅವರು. ಕೀನ್ಯಾದ ಅಲೆಮಾರಿಗಳನ್ನೂ ಲಂಡನ್ನಿನ ಸರ್ಕಾರಿ ನೌಕರರನ್ನೂ ಅವರು ಪಕ್ಕಪಕ್ಕ ಇಟ್ಟು ನೋಡಿದರು. ಲಂಡನ್ನಿನವರನ್ನಷ್ಟೇ ಪರೀಕ್ಷಿಸಿದರೆ ಒಬ್ಬರ ಬಿಪಿ ಇನ್ನೊಬ್ಬರದಕ್ಕಿಂತ ಯಾಕೆ ಹೆಚ್ಚು ಎಂಬುದಕ್ಕೆ ವಂಶದ್ದೋ ಮತ್ತೊಂದೋ ಕಾರಣ ಸಿಕ್ಕೀತು. ಆದರೆ ಇಡೀ ಲಂಡನ್ನೇ ಆ ಅಲೆಮಾರಿಗಳಿಗಿಂತ ಯಾಕೆ ಮೇಲಿದೆ ಎಂಬುದು ಅಲ್ಲಿ ಎಂದೂ ಸಿಗುವುದಿಲ್ಲ. ಎಲ್ಲರೂ ಉಣ್ಣುವ ಊಟ, ಎಲ್ಲರೂ ಬದುಕುವ ರೀತಿ ಯಾರೊಬ್ಬರ ತಪ್ಪಾಗಿಯೂ ಕಣ್ಣಿಗೆ ಬೀಳುವುದಿಲ್ಲ. ಇನ್ನೂ ಒಂದು ಮಾತನ್ನು ಅವರು ಕಾಣಿಸಿದರು: ಅಪಾಯ ಬಹಳ ಇರುವ ಕೆಲವರಿಗಿಂತ, ಅಪಾಯ ಸ್ವಲ್ಪವೇ ಇರುವ ಬಹಳ ಜನರಿಂದಲೇ ಹೆಚ್ಚು ರೋಗಿಗಳು ಬರುತ್ತಾರೆ.

ಚೀನಾದ ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವನ್ನು ಈ ಬೆಳಕಿನಲ್ಲಿ ಓದಬೇಕು. ಪಾರ್ಶ್ವವಾಯು ಆಗಿದ್ದವರು ಅಥವಾ ಅರುವತ್ತು ದಾಟಿ ಬಿಪಿ ಇದ್ದವರು, 600 ಹಳ್ಳಿಗಳ 20,995 ಜನ. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪಿನ ಬದಲು ಕಾಲುಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆತ ಉಪ್ಪನ್ನು ಕೊಟ್ಟರು. ಸುಮಾರು ಐದು ವರ್ಷದಲ್ಲಿ ಆ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇ 14ರಷ್ಟು, ಸಾವು ಶೇ 12ರಷ್ಟು ಕಡಿಮೆಯಾಯಿತು. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಈ ಉಪ್ಪು ಸಲ್ಲದು, ಅವರನ್ನು ಅಧ್ಯಯನದಿಂದ ಹೊರಗಿಟ್ಟಿದ್ದರು. ಅಲ್ಲಿ ಯಾರ ಮನೋಬಲವನ್ನೂ ಪರೀಕ್ಷೆಗೆ ಒಡ್ಡಲಿಲ್ಲ, ಯಾರನ್ನೂ ಗದರಿಸಲಿಲ್ಲ. ಅಡುಗೆಮನೆಯ ಉಪ್ಪು ಬದಲಾಯಿತು, ಅಷ್ಟೆ. ಉಪ್ಪಿಗಿಂತ ರುಚಿಯಿಲ್ಲ ಎಂದು ನಂಬಿ ಬೆಳೆದ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಿಲ್ಲದೆ ಊಟವೇ ಆಗದ ನಮ್ಮ ನಾಡು ಇದನ್ನು ಗಮನವಿಟ್ಟು ನೋಡಬೇಕು. ನಾಲಿಗೆಯ ರುಚಿಯನ್ನು ಒಬ್ಬೊಬ್ಬರೂ ಹುಟ್ಟಿದ ಮೇಲೆ ಕೂತು ಆರಿಸಿಕೊಂಡದ್ದಲ್ಲ. ತಾಯಿ ಬಡಿಸಿದ್ದು, ಊರು ಕಲಿಸಿದ್ದು, ಈಗ ಅಂಗಡಿಯ ಪ್ಯಾಕೆಟ್ಟು ಹಚ್ಚಿದ್ದು.

ದೂರವೂ ಹೀಗೆಯೇ ಒಂದು ಅಪಾಯ, ಅದು ಯಾವ ರಕ್ತಪರೀಕ್ಷೆಯಲ್ಲೂ ಸಿಗುವುದಿಲ್ಲ. ಹೃದಯದ ರಕ್ತನಾಳ ಕಟ್ಟಿದ ಮೇಲೆ ಹೋಗುವ ಒಂದೊಂದು ನಿಮಿಷಕ್ಕೂ ಸ್ನಾಯು ಸಾಯುತ್ತಾ ಹೋಗುತ್ತದೆ. ದೊಡ್ಡ ಆಸ್ಪತ್ರೆಯ ಎದುರು ಬೀದಿಯಲ್ಲಿರುವವನಿಗೂ ಘಟ್ಟದ ಕೆಳಗಿನ ಹಳ್ಳಿಯವನಿಗೂ ಒಂದೇ ಕೊಲೆಸ್ಟ್ರಾಲ್ ಇರಬಹುದು, ಬದುಕುವ ಅವಕಾಶ ಒಂದೇ ಅಲ್ಲ. 2023ರಲ್ಲಿ ಕರ್ನಾಟಕ ಸರ್ಕಾರ ಪುನೀತ್ ಹೆಸರಿನಲ್ಲೇ ಆರಂಭಿಸಿದ ಹೃದಯ ಜ್ಯೋತಿ ಯೋಜನೆ, ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಮಾಡಿದೆ. ಒಬ್ಬರ ಸಾವಿಗೆ ಕಾರಣ ಕೆದಕುವುದನ್ನು ಬಿಟ್ಟು ಎಲ್ಲರ ದಾರಿಯನ್ನು ಹತ್ತಿರ ಮಾಡುವುದು, ಸಂಕಟಕ್ಕೆ ಒಂದು ಸಮಾಜ ಕೊಡಬಹುದಾದ ಸರಿಯಾದ ಉತ್ತರ ಎಂದು ನಾನು ನಂಬುತ್ತೇನೆ.

ಇಷ್ಟೆಲ್ಲ ಹೇಳಿದರೂ ನಮ್ಮ ಕೈಯಲ್ಲಿ ಏನೂ ಇಲ್ಲವೆಂದು ಅರ್ಥವಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ, ಹೃದಯಾಘಾತದ ಅಪಾಯದ ಬಹುಪಾಲು ತಂಬಾಕು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಮೊದಲಾದ ಒಂಬತ್ತು ಅಂಶಗಳಲ್ಲೇ ಅಡಗಿದೆ ಎಂದು ತೋರಿಸಿತು. ದಕ್ಷಿಣ ಏಷ್ಯಾದವರಾದ ನಮಗೆ ಮೊದಲ ಆಘಾತ ಬೇರೆಯವರಿಗಿಂತ ಐದಾರು ವರ್ಷ ಮುಂಚೆಯೇ ಬರುತ್ತದೆಂದೂ ಅದರಿಂದ ತಿಳಿಯಿತು. ತಂಬಾಕು ಬಿಡಬೇಕು, ಬಿಪಿ ನೋಡಿಸಿಕೊಳ್ಳಬೇಕು, ಬರೆದುಕೊಟ್ಟ ಮಾತ್ರೆಯನ್ನು ತಪ್ಪದೆ ನುಂಗಬೇಕು. ಆ ಇಬ್ಬರಲ್ಲಿ ನಾನೊಬ್ಬನಾಗಿರಬಹುದು ಎಂಬ ಕಾರಣಕ್ಕೆ ಮಾತ್ರವಲ್ಲ. ಆ ಇಬ್ಬರು ಯಾರೆಂದು ಗೊತ್ತಿಲ್ಲದಿರುವಾಗ ನೂರೂ ಜನ ನುಂಗಿದರೆ ಮಾತ್ರ ಆ ಇಬ್ಬರು ಉಳಿಯುತ್ತಾರೆ.

ಅಪಾಯದ ಲೆಕ್ಕವನ್ನು ಮುಂದಕ್ಕೆ ಓದಬೇಕು, ಹಿಂದಕ್ಕೆ ಓದಬಾರದು. ಕಾಯಿಲೆ ಬರುವ ಮುಂಚೆ ಅದು ಎಚ್ಚರ, ಆರೈಕೆ, ಸರ್ಕಾರಕ್ಕೂ ಸಮಾಜಕ್ಕೂ ಹೊಣೆ. ಕಾಯಿಲೆ ಬಂದವರ ಮುಖಕ್ಕೆ ಹಿಡಿದರೆ ಅದೇ ಲೆಕ್ಕ ತೀರ್ಪಾಗಿಬಿಡುತ್ತದೆ. ಅಂಥ ತೀರ್ಪು ಕೊಡುವ ಶಕ್ತಿ ಆ ಅಂಕಿಗಳಿಗೆ ಯಾವತ್ತೂ ಇರಲಿಲ್ಲ. ಆದ್ದರಿಂದ ‘ನನಗೇ ಯಾಕೆ’ ಎಂದು ಕೇಳಿದವರಿಗೆ ನಾವು ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟು: ನಿಮಗೇ ಯಾಕೆ ಎಂಬುದು ಯಾರಿಗೂ ಗೊತ್ತಿಲ್ಲ, ಇದು ನಿಮಗೆ ವಿಧಿಸಿದ ಶಿಕ್ಷೆಯಲ್ಲ. ಇನ್ನು ಮುಂದೆ ಏನು ಮಾಡಬೇಕೆಂಬುದು ಮಾತ್ರ ಬಹಳಷ್ಟು ಗೊತ್ತಿದೆ. ನಿಮ್ಮ ಮುಖ ಕಾಣದ ಸಾವಿರಾರು ಜನ, ತಮಗೇನು ಸಿಗುತ್ತದೆಂದು ಕೇಳದೆ, ವರ್ಷಗಟ್ಟಲೆ ರಕ್ತ ಕೊಟ್ಟು ಮಾತ್ರೆ ನುಂಗಿ ಅದನ್ನು ತಿಳಿಸಿಕೊಟ್ಟಿದ್ದಾರೆ. ಅದನ್ನು ನಡೆಸುವಾಗ ನೀವು ಒಂಟಿಯಾಗದ ಹಾಗೆ ನೋಡಿಕೊಳ್ಳುವುದು ನಮ್ಮೆಲ್ಲರ ಕೆಲಸ.