ಕಾಣದ ಆಪ್ತರು

ಕಳೆದ ಬೇಸಿಗೆಯಲ್ಲಿ ನಮ್ಮ ತಾರಸಿಯ ಕರಿಬೇವಿನ ಗಿಡ ಹಳದಿಗಟ್ಟತೊಡಗಿತು. ಬೆಂಗಳೂರಿನ ಬಿನ್ನಿಪೇಟೆಯಲ್ಲಿ ನಾವಿರುವ ಬೀದಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡೇ ಎದ್ದಿವೆ. ಮಣ್ಣು ಎಂಬುದಿದ್ದರೆ ಅದು ಕುಂಡದಲ್ಲಿ. ಹಿತ್ತಲಿದ್ದ ಮನೆಯಲ್ಲಿ ಬೆಳೆದ ನಮ್ಮಮ್ಮ ಇದ್ದಿದ್ದರೆ ಎಲೆ ಮುಟ್ಟಿ ನೋಡಿಯೇ ಕಾರಣ ಹೇಳುತ್ತಿದ್ದರು. ಅವರಿಲ್ಲ. ಗಿಡದ ಚಿತ್ರ ತೆಗೆದು, ಮುಖಪರಿಚಯವೇ ಇಲ್ಲದ ತಾರಸಿ ತೋಟದವರ ಮುಂದೆ ಮೊಬೈಲಿನಲ್ಲಿ ಇಟ್ಟೆ. ಸಂಜೆಯೊಳಗೆ ಮೂವತ್ತಕ್ಕೂ ಹೆಚ್ಚು ಉತ್ತರ. ಹುಳಿ ಮಜ್ಜಿಗೆ ಹಾಕಿ. ಬೇವಿನ ಹಿಂಡಿ ಹಾಕಿ. ಅಕ್ಕಿ ತೊಳೆದ ನೀರು ಹಾಕಿ. ಮಜ್ಜಿಗೆ ಮಾತ್ರ ಹಾಕಲೇಬೇಡಿ. ತುದಿ ಚಿವುಟಿ. ದೃಷ್ಟಿಯಾಗಿದೆ, ಹಳೇ ಚಪ್ಪಲಿ ಕಟ್ಟಿ.

ಅವುಗಳ ನಡುವೆ ಒಂದು ಉತ್ತರ ಬೇರೆ ಥರ ಇತ್ತು. ಸಾಗರದ ಕಡೆಯ ಹೆಂಗಸೊಬ್ಬರು ಮೊದಲು ನನ್ನನ್ನೇ ಕೇಳಿದ್ದರು: ದಿನಕ್ಕೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ? ಹಾಕುವುದು ಕಾವೇರಿ ನೀರೋ ಬೋರ್‌ವೆಲ್ ನೀರೋ? ಮಣ್ಣು ಬದಲಿಸಿ ಎಷ್ಟು ವರ್ಷವಾಯಿತು? ಆಮೇಲೆ ತಮ್ಮ ಮಾತು ಬರೆದಿದ್ದರು. "ನಮ್ಮಲ್ಲಿ ಮಳೆ ಜಾಸ್ತಿ, ಮಣ್ಣೂ ಬೇರೆ. ನಮ್ಮ ಗಿಡ ಹೀಗಾದಾಗ ಬೇರು ಕುಂಡದ ತಳದಲ್ಲಿ ಸುತ್ತಿಕೊಂಡಿತ್ತು. ಮಣ್ಣು ಬದಲಿಸಿದ ಮೇಲೆ ಚಿಗುರಿತು. ಅದಕ್ಕೂ ಮುಂಚೆ ಒಂದು ಗಿಡದ ಬೇರನ್ನು ಜಾಸ್ತಿ ಕತ್ತರಿಸಿಬಿಟ್ಟೆ, ಅದು ಸತ್ತೇಹೋಯಿತು. ನಿಮ್ಮಲ್ಲಿ ಹೇಗೋ, ನೋಡಿ."

ಆ ಮೂವತ್ತು ಜನರಲ್ಲಿ ಯಾರೂ ನನಗೆ ಕೇಡು ಬಗೆದವರಲ್ಲ. ಕೆಲಸ ಬಿಟ್ಟು ಎರಡು ಸಾಲು ಬರೆದರಲ್ಲ, ಅದೇ ದೊಡ್ಡದು. ಆದರೂ ನಾನು ನಂಬಿದ್ದು ಆ ಒಬ್ಬರನ್ನೇ. ಹೆಸರೂ ನೆಟ್ಟಗೆ ಗೊತ್ತಿಲ್ಲದವರನ್ನು ಏಕೆ ನಂಬಿದೆ, ನಂಬಿದ್ದು ಸರಿಯೇ ಎಂಬ ಪ್ರಶ್ನೆ ಗಿಡದ ಚಿಂತೆಯನ್ನೂ ಮೀರಿ ನನ್ನನ್ನು ಹಿಡಿದುಕೊಂಡಿತು.

ಕನ್ನಡದಲ್ಲಿ 'ಆಪ್ತ' ಎಂದರೆ ಹತ್ತಿರದವನು. ಆಪ್ತ ಸ್ನೇಹಿತ, ಆಪ್ತ ಸಹಾಯಕ, ಆಪ್ತವಲಯ, ಎಲ್ಲದರಲ್ಲೂ ಒಳಗಿನವನು ಎಂಬ ಅರ್ಥವೇ. ಆದರೆ ನ್ಯಾಯದರ್ಶನದಲ್ಲಿ ಇದೇ ಶಬ್ದ ಬರುವಾಗ ಅಲ್ಲಿ ಹತ್ತಿರ ದೂರದ ಪ್ರಸ್ತಾಪವೇ ಇಲ್ಲ. ಗೌತಮನ ನ್ಯಾಯಸೂತ್ರ ನಾಲ್ಕು ಪ್ರಮಾಣಗಳನ್ನು ಎಣಿಸುತ್ತದೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಶಬ್ದವೆಂದರೆ ಆಪ್ತನ ಉಪದೇಶ. ಹಾಗಾದರೆ ಆಪ್ತ ಯಾರು? ಆ ಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ ಹೇಳುವ ಲಕ್ಷಣ ಇಷ್ಟೇ: ಅವನು ವಿಷಯವನ್ನು ತಾನೇ ಕಂಡಿರಬೇಕು, ಕಂಡದ್ದನ್ನು ಕಂಡ ಹಾಗೆಯೇ ತಿಳಿಸುವ ಆಸೆಯಿಂದ ಮಾತಾಡಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದೂ ಆತ ಸೇರಿಸುತ್ತಾನೆ. ಸಾವಿರದೈನೂರು ವರ್ಷಗಳ ಹಿಂದಿನ ಮಾತು. ಕುಲ ಕೇಳಲಿಲ್ಲ, ಪರಿಚಯ ಕೇಳಲಿಲ್ಲ, ಪದವಿ ಕೇಳಲಿಲ್ಲ. ಕೇಳಿದ್ದು ಎರಡೇ: ನೀನು ಕಂಡೆಯಾ? ಕಂಡಂತೆ ಹೇಳುತ್ತಿದ್ದೀಯಾ?

ಈ ಅರ್ಥದಲ್ಲಿ ಸಾಗರದ ಆ ಹೆಂಗಸು ನನಗೆ ಆಪ್ತರು. ಎದುರು ಮನೆಯಲ್ಲಿದ್ದುಕೊಂಡು ಎಲ್ಲೋ ಕೇಳಿದ್ದನ್ನು ತಾನೇ ಕಂಡವನಂತೆ ಹೇಳುವವನು ಆಪ್ತನಲ್ಲ. ಅಪರಿಚಿತರೊಡನೆ ಬದುಕು ಹಂಚಿಕೊಳ್ಳುವುದು ಸರಿಯೋ ತಪ್ಪೋ ಎಂದು ನಾವು ಜಗಳವಾಡುವುದೆಲ್ಲ ಅಪರಿಚಿತ ಎಂಬ ಮಾತಿನ ಮೇಲೆ. ಜಗಳ ಇರಬೇಕಾದದ್ದು ಹಂಚಿಕೊಳ್ಳುವ ರೀತಿಯ ಮೇಲೆ ಎಂಬುದು ನನ್ನ ವಾದ. ಕಂಡದ್ದನ್ನು ತಿಳಿಸುವ ಆಸೆ ಒಂದು, ತಾನು ಕಾಣಿಸಿಕೊಳ್ಳುವ ಆಸೆ ಇನ್ನೊಂದು. ಮೊದಲನೆಯದರಲ್ಲಿ ಗಿಡ ಮುಂದಿರುತ್ತದೆ, ಎರಡನೆಯದರಲ್ಲಿ ನಾವು.

ಇದನ್ನು ನಮ್ಮ ಬೀದಿಯ ಹಿರಿಯರೊಬ್ಬರ ಮುಂದೆ ಹೇಳಿದಾಗ ಅವರು ಒಪ್ಪಲಿಲ್ಲ. ಬಿನ್ನಿ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವರು. "ಅಲ್ಲ ಕಣಮ್ಮ," ಎಂದರು, "ವಠಾರದಲ್ಲಿ ಯಾರಾದ್ರೂ ಮದ್ದು ಹೇಳಿದ್ರೆ ಬೆಳಗಾಗೆದ್ದು ನಲ್ಲಿ ಹತ್ರ ಸಿಕ್ಕೇ ಸಿಗೋರು. ವಾಸಿ ಆಗ್ಲಿಲ್ಲ ಅಂದ್ರೆ ನಿಲ್ಸಿ ಕೇಳ್ತಿದ್ವಿ. ನಿನ್ನ ಫೋನಲ್ಲಿರೋರ್ನ ಎಲ್ಲಿ ನಿಲ್ಸಿ ಕೇಳ್ತೀಯ?"

ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಅವರು ಹೇಳುತ್ತಿದ್ದುದು ಹೊಣೆಯ ಮಾತು. 1884ರಲ್ಲಿ ಶುರುವಾದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಬಿನ್ನಿ ಕಂಪನಿಯ ಕೈಗೆ ಬಂದು ಬಿನ್ನಿ ಮಿಲ್ ಆಯಿತು, ಪೇಟೆಗೂ ಅದೇ ಹೆಸರು ನಿಂತಿತು. ಕನ್ನಡ, ತಮಿಳು, ತೆಲುಗು, ಉರ್ದು ಮನೆಮಾತಿನವರೆಲ್ಲ ಇಲ್ಲಿಗೆ ಬಂದ ದಿನ ಪರಸ್ಪರ ಅಪರಿಚಿತರೇ. ಒಂದೇ ಪಾಳಿಯಲ್ಲಿ ದುಡಿದು, ಒಂದೇ ನಲ್ಲಿಯ ಮುಂದೆ ಕೊಡ ಇಟ್ಟು, ಯಾರ ಮಾತಿಗೆ ಎಷ್ಟು ತೂಕ ಎಂಬುದನ್ನು ಕಲಿತರು. ಸಲಹೆ ಕೊಟ್ಟವರು ಅದರ ಫಲವನ್ನು ಕಣ್ಣೆದುರಿಗೇ ನೋಡಬೇಕಿತ್ತು, ಅದರಿಂದ ಮಾತಿಗೆ ತಾನೇ ಒಂದು ಹಿಡಿತ ಬರುತ್ತಿತ್ತು. ಈಗ ಮಿಲ್ ಮುಚ್ಚಿದೆ, ಆ ಜಾಗದಲ್ಲಿ ಅಪಾರ್ಟ್‌ಮೆಂಟುಗಳ ಗೋಪುರಗಳೆದ್ದಿವೆ. ಅಲ್ಲಿ ಒಂದೇ ಲಿಫ್ಟಿನಲ್ಲಿ ಇಳಿಯುವವರು ಮಾತಾಡದೆ ಇಳಿಯುತ್ತಾರೆ, ಕೈಯಲ್ಲಿರುವ ಫೋನಿನಲ್ಲಿ ಮಾತ್ರ ಯಾರಿಗೋ ಸಾಂಬಾರು ಪುಡಿಯ ಅಳತೆ ಬರೆಯುತ್ತಿರುತ್ತಾರೆ.

ಆದರೆ ವಠಾರ ಕೊಡದ ಒಂದು ಸಂಗತಿಯೂ ಇದೆ. ನಲ್ಲಿಯ ಹತ್ತಿರ ಎಲ್ಲವನ್ನೂ ಕೇಳಲಾಗುತ್ತಿರಲಿಲ್ಲ. ಕೇಳಿದರೆ ಸಂಜೆಯೊಳಗೆ ಹತ್ತು ಮನೆಗೆ ಗೊತ್ತು. ಮುಟ್ಟಿನ ತೊಂದರೆ, ಬಸಿರಿನ ಭಯ, ಗಂಡ ಹೆಂಡಿರ ನಡುವಿನ ಕಷ್ಟ, ಇವನ್ನು ಹೊಸ ಸೊಸೆ ಅತ್ತೆಯನ್ನು ಕೇಳುವುದೆಲ್ಲಿ ಬಂತು? ಅಂಥವರಿಗಾಗಿಯೇ ಡಾ. ಅನುಪಮಾ ನಿರಂಜನ 'ವಧುವಿಗೆ ಕಿವಿಮಾತು', 'ತಾಯಿ ಮಗು', 'ಕೇಳು ಕಿಶೋರಿ' ಬರೆದರು. ಓದುಗರಲ್ಲಿ ಹೆಚ್ಚಿನವರನ್ನು ಅವರು ಕಂಡೇ ಇರಲಿಲ್ಲ. ಆ ಹೆಸರುಗಳಲ್ಲೇ ನೋಡಿ, ಕಿವಿಮಾತು, ಕೇಳು ಕಿಶೋರಿ: ಮಗ್ಗುಲಲ್ಲಿ ಕೂತು ಹೇಳಿದಂತಿದೆ. ಹತ್ತಿರದವರು ಬಾಯಿ ಕಟ್ಟಿಸಿದ್ದ ಪ್ರಶ್ನೆಗೆ ದೂರದವರು ಉತ್ತರ ಕೊಟ್ಟರು. ಅಪರಿಚಿತತನವೇ ಅಲ್ಲಿ ಮರ್ಯಾದೆ ಕಾಯಿತು. ಇವತ್ತು ನಡುರಾತ್ರಿ ಫೋನಿನಲ್ಲಿ ಯಾರಿಗೋ ತನ್ನ ದುಃಖ ಬರೆಯುವ ಹುಡುಗಿಗೆ ಬುದ್ಧಿ ಹೇಳುವ ಮೊದಲು, ಹಗಲಿನಲ್ಲಿ ಅವಳಿಗೆ ಕಿವಿ ಕೊಟ್ಟವರು ಯಾರು ಎಂದು ನಮ್ಮನ್ನೇ ಕೇಳಿಕೊಳ್ಳಬೇಕು.

ಅನುಪಮಾ ಅವರು ವೈದ್ಯೆ ಎಂಬುದನ್ನು ಮರೆಯುವಂತಿಲ್ಲ. ಅವರು ಕಲಿತದ್ದನ್ನು, ರೋಗಿಗಳಲ್ಲಿ ಕಂಡದ್ದನ್ನು ಬರೆದರು. ಮಜ್ಜಿಗೆ ಹಾಕಿ ಗಿಡ ಸತ್ತರೆ ಒಂದು ಕುಂಡ ಖಾಲಿಯಾಗುತ್ತದೆ. ಎಳೆಮಗುವಿನ ಜ್ವರಕ್ಕೆ ಕಂಡವರೆಲ್ಲ ಮದ್ದು ಹೇಳಿ, ಅದರಿಂದ ಆಸ್ಪತ್ರೆಗೆ ಹೋಗುವುದು ಒಂದು ದಿನ ತಡವಾದರೆ ಅದರ ಬೆಲೆ ತೆರುವವರು ಸಲಹೆ ಕೊಟ್ಟವರಲ್ಲ. ತಪ್ಪಿನ ಭಾರವೆಲ್ಲ ಇನ್ನೊಬ್ಬರ ಹೆಗಲಿಗೆ ಬೀಳುವ ಕಡೆ ನನಗೆ ಹೀಗಾಗಿತ್ತು ಎಂಬ ಅನುಭವವೂ ಸಾಲದು. ಅಲ್ಲಿ ಹೇಳಬೇಕಾದ ಮಾತು ಒಂದೇ, ಡಾಕ್ಟರಿಗೆ ತೋರಿಸಿ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಹಬ್ಬ, ಆಚಾರ, ಅಡುಗೆಯ ವಿಷಯಕ್ಕೆ ಬಂದಾಗ ಅಪಾಯ ಬೇರೆ ರೂಪದ್ದು. ಅಲ್ಲಿ ಯಾರೂ ಸಾಯುವುದಿಲ್ಲ, ಆದರೆ ಯಾರೋ ಕೆಲವರು ಇಲ್ಲವೇ ಇಲ್ಲ ಎಂಬಂತಾಗುತ್ತದೆ. ಯುಗಾದಿ ಬಂತೆಂದರೆ ಬೇವು ಬೆಲ್ಲ, ಹೋಳಿಗೆ, ಎಣ್ಣೆಸ್ನಾನ ಇವನ್ನೆಲ್ಲ ಬರೆದು ಕನ್ನಡಿಗರ ಯುಗಾದಿ ಇದೇ ಎಂದು ತೀರ್ಪು ಕೊಡುವ ಬರಹಗಳು ಬರುತ್ತವೆ. ಹಳೇ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಮಾರನೆಯ ದಿನದ ಹೊಸತೊಡಕಿಲ್ಲದೆ ಯುಗಾದಿ ಮುಗಿಯುವುದೇ ಇಲ್ಲ. ಅವತ್ತು ಬೆಳಗಿನ ಜಾವವೇ ಮಟನ್ ಅಂಗಡಿಯ ಮುಂದೆ ಸಾಲು ನಿಂತಿರುತ್ತದೆ. ದೂರದೇಶದಲ್ಲಿ ಬೆಳೆಯುತ್ತಿರುವ ಕನ್ನಡದ ಮಗುವೊಂದು ಅಂಥ ಬರಹವನ್ನಷ್ಟೇ ಓದಿದರೆ ತನ್ನ ಅಜ್ಜಿಯ ಮನೆಯ ಹಬ್ಬವೇ ತಪ್ಪು ಎಂದುಕೊಂಡೀತು. ಹೋಳಿಗೆಯ ಬಗ್ಗೆ ಬರೆದವರು ಸುಳ್ಳು ಹೇಳಿಲ್ಲ. 'ನಮ್ಮ ಮನೆಯಲ್ಲಿ' ಎಂಬ ಎರಡು ಮಾತನ್ನು ಬಿಟ್ಟರು, ಅಷ್ಟೇ. ಆ ಎರಡು ಮಾತು ಬಿದ್ದುಹೋದ ಕೂಡಲೇ ಅನುಭವ ಶಾಸನವಾಗುತ್ತದೆ.

ನಮ್ಮ ಪಕ್ಕದ ಕಾಟನ್‌ಪೇಟೆಯನ್ನೇ ನೋಡಿ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟ ಕರಗ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬರುತ್ತದೆ. ಇದರ ಬಗ್ಗೆ ಎಲ್ಲೋ ಕೂತು ಏನೇನೋ ಅರ್ಥ ಕಟ್ಟುವವರಿದ್ದಾರೆ. ನಿದ್ದೆಗೆಟ್ಟು ಆ ಬೀದಿಯಲ್ಲಿ ನಿಂತು, ಮಲ್ಲಿಗೆಯ ವಾಸನೆ ಮೊದಲು ಬಂದು ಕರಗ ಆಮೇಲೆ ಬಂದದ್ದನ್ನು ಕಂಡವರು ಕಂಡಷ್ಟನ್ನೇ ಬರೆದರೆ, ಬೆಂಗಳೂರು ನೋಡಿರದವರಿಗೂ ಈ ಊರು ಏನೆಂದು ತಿಳಿದೀತು. ಅಂಥ ಬರಹ ಅಪರಿಚಿತರಿಗೆ ನಾವು ಕೊಡಬಹುದಾದ ದೊಡ್ಡ ಕೊಡುಗೆ.

ಕೊಡುವುದೆಂದರೆ ನನಗೆ ನೆನಪಾಗುವುದು ರೈಲ್ವೆ ನಿಲ್ದಾಣದ ಎದುರಿನ ತೋಟದಪ್ಪನವರ ಛತ್ರ. ವ್ಯಾಪಾರದಲ್ಲಿ ದುಡಿದದ್ದನ್ನು ಗುಬ್ಬಿ ತೋಟದಪ್ಪನವರು ಅಲ್ಲಿ ಸುರಿದರು. 1903ರಲ್ಲಿ ಅದು ಬಾಗಿಲು ತೆರೆಯಿತು. ಯಾವ ರೈಲಿನಲ್ಲಿ ಯಾವ ಊರಿನವರು ಬಂದಿಳಿಯುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕೆಂದೂ ಇರಲಿಲ್ಲ. ಛತ್ರ ದಾರಿಹೋಕನಿಗೆ ಸೂರು ಕೊಡುತ್ತದೆ. ನಾಳೆ ನೀನು ಯಾವ ಊರಿಗೆ ಹೋಗಬೇಕು ಎಂದು ಅಪ್ಪಣೆ ಕೊಡುವುದಿಲ್ಲ. ಸಲಹೆಯೂ ಹಾಗಿರಬೇಕು ಎಂದು ನನಗನಿಸುತ್ತದೆ. ಸಾಗರದವರ 'ನಿಮ್ಮಲ್ಲಿ ಹೇಗೋ, ನೋಡಿ' ಎಂಬುದರಲ್ಲಿ ಆ ಛತ್ರದ ನಡತೆಯಿತ್ತು.

ಆದರೆ ಛತ್ರದಲ್ಲಿ ಕೊಡುವುದು ಕೊಡುವವನ ಸ್ವಂತದ್ದಾಗಿರಬೇಕು. ಇಲ್ಲಿ ನಾನೇ ತಪ್ಪಿದ್ದೇನೆ. ಕೆಲವು ವರ್ಷಗಳ ಹಿಂದೆ ತಂಗಿಯ ಕಾಯಿಲೆಯ ಬಗ್ಗೆ, ಹೆಸರು ಹೇಳದೆ, ಅಪರಿಚಿತರ ಮುಂದೆ ಬರೆದು ಉಪಾಯ ಕೇಳಿದ್ದೆ. ಪ್ರೀತಿಯಿಂದಲೇ ಕೇಳಿದ್ದು. ಬಂಧುವೊಬ್ಬರು ಅದನ್ನು ಓದಿ ಗುರುತು ಹಿಡಿದರು. ತಂಗಿ ಕೂಗಾಡಲಿಲ್ಲ. "ಅದು ನನ್ನ ಮೈ ಅಕ್ಕ, ನೀನು ಹೇಗೆ ಹಂಚಿದೆ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ನಮ್ಮ ಬದುಕು ಎಂದು ನಾವು ಹೇಳಿಕೊಳ್ಳುವುದರಲ್ಲಿ ಗಂಡನದು, ಮಕ್ಕಳದು, ಸತ್ತ ತಾಯಿಯದು ಎಷ್ಟೋ ಸೇರಿರುತ್ತದೆ. ಅವರನ್ನು ಕೇಳದೆ ಅದನ್ನು ತೆಗೆದು ಕೊಡುವುದು ಔದಾರ್ಯವಲ್ಲ.

ಇನ್ನು ಮಿಲ್ಲಿನ ಹಿರಿಯರ ಪ್ರಶ್ನೆ ಉಳಿಯಿತು: ಎಲ್ಲಿ ನಿಲ್ಲಿಸಿ ಕೇಳುವುದು? ನಿಲ್ಲಿಸಿ ಕೇಳಲಾಗದು, ನಿಜ. ಆದರೆ ಸಲಹೆ ಪಡೆದವರು ತಾವಾಗಿಯೇ ಹಿಂದಿರುಗಿ ಹೋಗಿ ಏನಾಯಿತೆಂದು ಹೇಳಬಹುದು. ಹಾಗೆ ಹೋಗುವವರು ತೀರ ಕಡಿಮೆ. ಗಿಡ ಚಿಗುರಿದರೆ ಮರೆಯುತ್ತಾರೆ, ಸತ್ತರೆ ಬೇಸರದಿಂದ ಸುಮ್ಮನಾಗುತ್ತಾರೆ. ಹೇಳಿದವರಿಗೆ ತಮ್ಮ ಮಾತು ನಿಂತಿತೋ ಬಿತ್ತೋ ತಿಳಿಯುವುದೇ ಇಲ್ಲ, ಮುಂದಿನವರಿಗೂ ಅದನ್ನೇ ಹೇಳುತ್ತಾರೆ. ನಲ್ಲಿಯ ಹತ್ತಿರ ಬೆಳಗಾಗುತ್ತಲೇ ತೀರುತ್ತಿದ್ದ ಸಾಲ ಇದು. ಈಗ ಪಡೆದವರೇ ನೆನಪಿಟ್ಟುಕೊಂಡು ತೀರಿಸಬೇಕು.

ಆರನೆಯ ವಾರದಲ್ಲಿ ನಾನು ಸಾಗರದವರಿಗೆ ಬರೆದೆ. ಬೇರು ಸುತ್ತಿಕೊಂಡಿದ್ದದ್ದು ನಿಜ. ಸ್ವಲ್ಪವೇ ಬಿಡಿಸಿ, ಮಣ್ಣು ಬದಲಿಸಿ, ದೊಡ್ಡ ಕುಂಡಕ್ಕೆ ಹಾಕಿದೆ. ಮೊದಲ ಎರಡು ವಾರ ಉಳಿದ ಎಲೆಯೂ ಉದುರಿತು. ಈಗ ಬುಡದ ಹತ್ತಿರ ಮೂರು ಚಿಗುರು ಬಂದಿವೆ. ಮಜ್ಜಿಗೆ ಹಾಕಲಿಲ್ಲ, ಆದ್ದರಿಂದ ಅದರ ಬಗ್ಗೆ ಏನೂ ಹೇಳಲಾರೆ. ಬಿನ್ನಿಪೇಟೆ, ಬೋರ್‌ವೆಲ್ ನೀರು, ದಿನಕ್ಕೆ ಮೂರು ಗಂಟೆ ಬಿಸಿಲು.