ಮಿಂಚುವ ಕಾರು

ಹೊಳೆಯುವುದೆಲ್ಲ ಚಿನ್ನವಲ್ಲವೆಂದು ಮಕ್ಕಳಿಗೆ ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಹೊಳಪಿನಿಂದಲೇ ಒಬ್ಬನ ಹೊಟ್ಟೆ ತುಂಬಬೇಕಾಗಿದ್ದರೆ?

ಯಾದಗಿರಿಯಿಂದ ಶಹಾಪುರ, ಸುರಪುರಕ್ಕೆ ಮದುವೆ ಬಾಡಿಗೆಗೆ ಹೋಗುವ ನಮ್ಮ ಓಣಿಯ ಹುಡುಗ ತನ್ನ ಹಳೆಯ ಕಾರಿಗೆ ಪೇಂಟ್ ಸೀಲಂಟ್ ಹಚ್ಚುತ್ತಾನೆ. ಮೊದಲು ಚೆನ್ನಾಗಿ ತೊಳೆಯಬೇಕು; ಮರಳಿನ ಒಂದು ಕಣ ಉಳಿದರೂ ಒರೆಸುವಾಗ ಗೀರು ಬೀಳುತ್ತದೆ. ನೆರಳಿನಲ್ಲಿ ತೆಳುವಾಗಿ ಸವರಿ, ಮಸುಕಾಗಿ ಒಣಗಿದ ಮೇಲೆ ಮೆತ್ತನೆಯ ಬಟ್ಟೆಯಿಂದ ಉಜ್ಜಿದರೆ ಕನ್ನಡಿಯಂಥ ಹೊಳಪು. ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ದೀಪ ತಿಕ್ಕುವ ನಮಗೆ ಆ ರಟ್ಟೆನೋವು ಗೊತ್ತು. ನಾವು ಕಿಲುಬು ತೆಗೆಯುತ್ತೇವೆ. ಇದು ಬಣ್ಣದ ಮೇಲೊಂದು ಪದರವಾಗಿ ನಿಂತು ಕೆಲವು ತಿಂಗಳು ಬಿಸಿಲು, ಮಳೆ, ಕೊಳೆಯಿಂದ ಕಾಯುತ್ತದೆ. ಬರೀ ಶೋಕಿ ಎನ್ನಲಾರೆ.

ಆದರೆ ಟೈರು ಸವೆದಿತ್ತು. ಕೇಳಿದೆ.

"ಟೈರ್ ಯಾರ್ ನೋಡ್ತಾರ್ರಿ ಅಕ್ಕೋರ? ಗಾಡಿ ಮಿಂಚಿದ್ರ ಬಾಡಿಗಿ ಸಿಗ್ತದ. ಬಾಡಿಗಿ ಬಂದ ಮ್ಯಾಲ ಟೈರ್ ಹಾಕಸ್ತೀನ್ರಿ."

ಅಲ್ಲಿಯವರೆಗೆ ಆ ಗಾಡಿಯಲ್ಲಿ ಕೂರುವವರು ಮದುಮಗಳು, ಮಕ್ಕಳು. ಹುಡುಗನದು ತಪ್ಪೇ. ಆದರೆ ಮಿಂಚು ನೋಡಿ ಆರಿಸಿ, ಮತ್ತೆ ನೂರು ರೂಪಾಯಿಗೆ ಚೌಕಾಸಿ ಮಾಡುವ ಬೀಗರನ್ನು ಕೇಳುವವರು ಯಾರು? ತಂಗಿಯ ಮಗಳ ದಿಬ್ಬಣಕ್ಕೆ ಅವನಿಗೇ ಹೇಳಿದೆವು, ಟೈರು ಹಾಕಿಸಲು ಮುಂಗಡ ಕೊಟ್ಟು.